ಎಳ್ಳು ಬೀರಲು ಹೋದವಳು

ಕ್ಯಾಲೆಂಡರಿನಲ್ಲಿ ಹಬ್ಬದ ದಿನಗಳನ್ನು ಕೆಂಪು ಮಸಿಯಲ್ಲಿ ಅಚ್ಚು ಹಾಕುವ ಪದ್ಧತಿಯನ್ನು ಮೊದಲು ಜಾರಿಗೆ ತಂದ ಮಹಾನುಭಾವರು ಯಾರೋ ನನಗೆ ತಿಳಿಯದು. ಆದರೆ ಅವರಿಗೂ ನನ್ನ ಹಾಗೆ ಮನೆಯಲ್ಲಿ ಸಣ್ಣ ಮಕ್ಕಳಿದ್ದಿರಬೇಕು ಎಂಬುದರಲ್ಲಿ ಸಂಶಯವಿಲ್ಲ. ರೈಲು ನಿಲ್ಲಿಸುವುದಕ್ಕೆ ಕೆಂಪು ಬಾವುಟ, ರಸ್ತೆ ಅಗೆದ ಕಡೆ ಕೆಂಪು ಲಾಂದ್ರ, ಔಷಧಿ ಅಂಗಡಿಯಲ್ಲಿ ವಿಷದ ಸೀಸೆಗೆ ಕೆಂಪು ಚೀಟಿ. ಇವುಗಳ ಸಾಲಿನಲ್ಲೇ ಹಬ್ಬವನ್ನೂ ಕೂರಿಸಿದವರು ಲೋಕಾನುಭವಿಗಳೇ ಸರಿ. ಮಿಕ್ಕವರು ಆ ಕೆಂಪು ಕಂಡರೆ ಕಚೇರಿಗೆ ರಜವೆಂದು ಹಿಗ್ಗುತ್ತಾರೆ. ನನಗೋ, ಕಚೇರಿಯೆಂಬ ಸುರಕ್ಷಿತ ತಾಣದ ಬಾಗಿಲು ಅಂದು ಮುಚ್ಚಿರುತ್ತದಲ್ಲಾ ಎಂದು ಹಿಂದಿನ ದಿನವೇ ಎದೆ ಹಾರುತ್ತದೆ.

ಯುಗಾದಿಯ ಎಣ್ಣೆಸ್ನಾನವನ್ನೇ ತೆಗೆದುಕೊಳ್ಳಿ. ಆಯುರಾರೋಗ್ಯ ವೃದ್ಧಿಗಾಗಿ ವಿಧಿಸಿದ ಈ ಕರ್ಮದಲ್ಲಿ, ಅಡಿಯಿಂದ ಮುಡಿಯವರೆಗೆ ಹರಳೆಣ್ಣೆ ಬಳಿಸಿಕೊಂಡ ನನ್ನ ಮಗ ಸೀನ, ಸೀಗೆಪುಡಿಯ ಬಟ್ಟಲು ಕಂಡೊಡನೆ ಕೈಯಿಂದ ಮೀನಿನಂತೆ ಜಾರಿ, ಧಗಧಗಿಸುವ ಹಂಡೆಯೊಲೆಯ ಮಗ್ಗುಲಲ್ಲೇ ಓಡುತ್ತಾನೆ; ಅವನ ಹಿಂದೆ ಓಡುವ ನನ್ನ ಆಯುಸ್ಸು ಎಷ್ಟು ವೃದ್ಧಿಯಾದೀತು ಎಂಬುದನ್ನು ನೀವೇ ಊಹಿಸಿ. ಭಾದ್ರಪದದ ಚೌತಿಯ ಸಂಜೆ ಚಂದ್ರದರ್ಶನವಾದರೆ ಅಪವಾದ ತಪ್ಪದೆಂದು ಹೆದರಿ, ಮಕ್ಕಳನ್ನು ಗಣಪತಿ ನೋಡಲು ಕರೆದೊಯ್ಯುವಾಗ ಒಂದು ಹನಿ ಮಳೆಯಿಲ್ಲದ ಆಕಾಶದ ಕೆಳಗೆ ಕೊಡೆ ಬಿಚ್ಚಿಕೊಂಡು ನಡೆದ ಗೃಹಸ್ಥ ನಮ್ಮ ಬಡಾವಣೆಯಲ್ಲಿ ನಾನೊಬ್ಬನೇ. ತಲೆ ನೆಟ್ಟಗಿಲ್ಲದವನೆಂಬ ಅಪವಾದ, ಚಂದ್ರನ ನೆರವಿಲ್ಲದೆಯೇ, ಅಂದೇ ನನಗೆ ಅಂಟಿಕೊಂಡಿತು. ದೀಪಾವಳಿಯಲ್ಲಿ ಉದ್ದನೆಯ ಕೋಲಿನ ತುದಿಗೆ ಊದುಬತ್ತಿ ಕಟ್ಟಿಕೊಂಡು ಪಟಾಕಿ ಹೊಡೆಯುವವನು ನಾನು. ಮಕ್ಕಳು ಕಿಟಕಿಯ ಸರಳುಗಳ ಹಿಂದೆ ನಿಂತು ನೋಡುತ್ತಾರೆ. ಪಟಾಕಿಗಿಂತ ಅಪ್ಪ ಹಾರೋದೇ ಚೆನ್ನಾಗಿರುತ್ತೆ ಎಂದು ಮಗಳು ಪದ್ಮ ತನ್ನ ಶಾಲೆಯಲ್ಲಿ ವರದಿ ಮಾಡಿದ್ದಾಳಂತೆ.

ಇಷ್ಟು ಅಪಾಯಗಳ ನಡುವೆ ನಾನು ನಿಶ್ಚಿಂತನಾಗಿದ್ದ ಹಬ್ಬ ಒಂದೇ ಒಂದು: ಸಂಕ್ರಾಂತಿ. ಬೆಂಕಿಯಿಲ್ಲ, ಬಾವಿಯಿಲ್ಲ, ಜಾರುವ ಎಣ್ಣೆಯಿಲ್ಲ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಬೆರೆಸಿ, ಹೆಣ್ಣುಮಗುವಿಗೆ ರೇಷ್ಮೆ ಲಂಗ ತೊಡಿಸಿ, ಮನೆಮನೆಗೆ ಬೀರಿ ಬಾ ಎಂದು ಕಳುಹಿಸಿದರೆ ಮುಗಿಯಿತು. ಇಂಥ ಸಾಧುವಾದ ಹಬ್ಬ ನನ್ನನ್ನು ಹೇಗೆ ಕೆಡವಿತೆಂದು ಈಗ ಹೇಳುತ್ತೇನೆ.

ಚಾಮರಾಜಪೇಟೆಯ ವಠಾರ ಬಿಟ್ಟು ನಾವು ರಾಜಾಜಿನಗರದ ಹೊಸ ಮನೆಗೆ ಬಂದು ಸೇರಿದ ಮೇಲಿನ ಮೊದಲ ಸಂಕ್ರಾಂತಿ ಅದು. ಕನ್ನಡ ನಾಡೆಲ್ಲ ಒಂದು ರಾಜ್ಯವಾದ ಹೊಸತು. ಆಗ ಇಲ್ಲಿ ರಸ್ತೆಗಳಿಗಿಂತ ರಸ್ತೆಯಾಗಬೇಕಾದ ಜಾಗಗಳೇ ಹೆಚ್ಚು. ಒಂದೇ ಅಚ್ಚಿನಲ್ಲಿ ತೆಗೆದ ಇಡ್ಲಿಗಳಂತೆ ಸಾಲುಸಾಲಾಗಿ ಒಂದೇ ನಮೂನೆಯ ಮನೆಗಳು, ನಡುನಡುವೆ ತೋಡಿ ಬಿಟ್ಟ ಪಾಯ, ಸುಣ್ಣದ ಗುಂಡಿ, ಕಟ್ಟಡದ ನೀರಿಗೆಂದು ತೆಗೆದ ಕಟ್ಟೆಯಿಲ್ಲದ ಬಾವಿ. ದೀಪದ ಕಂಬ ನೆಟ್ಟಿದ್ದರು, ದೀಪ ಇನ್ನೂ ಬಂದಿರಲಿಲ್ಲ. ನನ್ನ ಮನೆಯನ್ನೇ ಎರಡು ಬಾರಿ ತಪ್ಪಿ ಇನ್ನೊಬ್ಬರ ಬಾಗಿಲು ತಟ್ಟಿದವನು ನಾನು. ಆ ನಾಚಿಕೆಯಿಂದಲೋ ಏನೋ, ನೆರೆಯವರ ಪರಿಚಯವನ್ನು ಮುಂದೂಡುತ್ತಲೇ ಬಂದಿದ್ದೆ.

ಹಬ್ಬದ ಹಿಂದಿನ ದಿನ ಸೀನನಿಗೆ ಜ್ವರ ಬಂತು. ತೊಡೆಯ ಮೇಲಿನಿಂದ ಇಳಿಯದ ಮಗುವನ್ನು ಬಿಟ್ಟು ಹೆಂಡತಿ ಹೊರಡುವಂತಿರಲಿಲ್ಲ. ಮರುದಿನ ಮಧ್ಯಾಹ್ನ ಎಳ್ಳನ್ನು ಹಿತ್ತಾಳೆಯ ಡಬ್ಬಿಗೆ ಭರ್ತಿ ತುಂಬಿ, ಮೇಲೆ ಸಕ್ಕರೆ ಅಚ್ಚಿನ ಗಿಳಿಗಳನ್ನಿಟ್ಟು, ಆಗಷ್ಟೇ ಆರು ತುಂಬಿದ್ದ ಪದ್ಮನ ಕೈಗೆ ಕೊಟ್ಟು ಆಕೆ ಹೇಳಿದ್ದು ಇಷ್ಟೇ.

“ಹೋದ್ವರ್ಷ ಅರ್ಧ ಎಳ್ಳು ನೀನೇ ತಿಂದ್ಕೊಂಡು ಬಂದೆ. ಈ ಸಲ ಹಾಗ್ಮಾಡ್ಬೇಡ ಕಣೇ. ಎಲ್ಲಾರಿಗೂ ಕೊಟ್ಟು ಡಬ್ಬಿ ಖಾಲಿ ಆದ್ಮೇಲೇ ಮನೆಗೆ ಬರ್ಬೇಕು, ತಿಳೀತಾ?”

ಪದ್ಮ ಗಂಭೀರವಾಗಿ ತಲೆಯಾಡಿಸಿದಳು. ನಾನು ಬಾವಿ, ಗುಂಡಿ, ನಾಯಿಗಳ ವಿಷಯದಲ್ಲಿ ನನ್ನ ವಾಡಿಕೆಯ ಉಪನ್ಯಾಸವನ್ನು ಮುಗಿಸುವ ಹೊತ್ತಿಗೆ ಅವಳ ಜಡೆಯ ಕುಚ್ಚು ಮೂಲೆ ತಿರುಗಿಯಾಗಿತ್ತು. ಆ ಮೂಲೆಯಾಚೆ ನಾಲ್ಕಾರು ಮನೆ, ಅರ್ಧ ಗಂಟೆಯ ಕೆಲಸ ಎಂದುಕೊಂಡು, ವರ್ಷಕ್ಕೊಮ್ಮೆ ಒದಗುವ ನಿಶ್ಚಿಂತೆಯನ್ನು ಸವಿಯಲು ಪತ್ರಿಕೆ ಬಿಚ್ಚಿ ಕುಳಿತೆ.

ಅಂಗಳದ ಬಿಸಿಲು ಹೊಸಲಿಗೇರಿ, ಹೊಸಲಿನಿಂದ ಪಾದಕ್ಕೆ, ಪಾದದಿಂದ ಪತ್ರಿಕೆಗೆ ಸರಿಯಿತು. ಒಳಗಿನಿಂದ ಹೆಂಡತಿ “ಪದ್ಮ ಬಂದ್ಲಾ?” ಎಂದು ಕೇಳಿದಾಗ, ಬರುತ್ತಾಳೆ ಬಿಡು ಎಂದೆ. ಇಂಥ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ಆಕೆಗೇ ಗಾಬರಿಯಾಯಿತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಬೀದಿಯಲ್ಲಿ ಬೇರೆ ಯಾರ ಮಕ್ಕಳೂ ಇರಲಿಲ್ಲ. ಎಳ್ಳು ಬೀರುವ ಹೊತ್ತು ಮುಗಿದು ಎಲ್ಲರೂ ಮನೆ ಸೇರಿದ್ದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೋಟು ಎಳೆದುಕೊಂಡು ನಾನು ಇಳಿದೆ.

ನಿತ್ಯ ಚಿಂತಿಸುವವನಿಗೆ ನಿಜವಾದ ಚಿಂತೆ ಬಂದಾಗ ಅಭ್ಯಾಸಬಲವಿರುತ್ತದೆಂದು ಜನ ತಿಳಿದಿದ್ದಾರೆ. ಸುಳ್ಳು. ಅಷ್ಟು ವರ್ಷ ಕೂಡಿಸಿಟ್ಟ ಕಾಲ್ಪನಿಕ ವಿಪತ್ತುಗಳೆಲ್ಲ ಒಟ್ಟಿಗೇ ಎದ್ದು, ನನ್ನ ಸರದಿ ಮೊದಲು, ನನ್ನ ಸರದಿ ಮೊದಲು ಎಂದು ನೂಕಾಡತೊಡಗಿದವು. ಮೊದಲ ಮನೆಯಲ್ಲಿ ಕೇಳಿದೆ. ಬಂದಿದ್ದಳು, ಆಗಲೇ ಹೋದಳು ಎಂದರು. ಎರಡನೆಯ ಮನೆಯಲ್ಲೂ ಅದೇ. ಎಷ್ಟು ಜಾಣೆ, ಒಂದು ಕಾಳೂ ಚೆಲ್ಲದೆ ಕೊಟ್ಟಳು ಎಂದು ಹೊಗಳಿದರು. ಹೊಗಳಿಕೆ ಕೇಳುವ ಸ್ಥಿತಿ ನನ್ನದಲ್ಲ. ಮುಂದಿನ ಸಾಲು, ಅದರ ಮುಂದಿನ ಸಾಲು. ಎಲ್ಲ ಬಾಗಿಲಲ್ಲೂ ನನ್ನ ಮಗಳು ಬಂದಿದ್ದಾಳೆ, ಎಲ್ಲ ಬಾಗಿಲಿನಿಂದಲೂ ಹೋಗಿದ್ದಾಳೆ. ಇಷ್ಟು ದೂರಕ್ಕೆ ಆ ಚಿಕ್ಕ ಡಬ್ಬಿಯ ಎಳ್ಳು ಹೇಗೆ ಸಾಕಾಯಿತು ಎಂಬ ಪ್ರಶ್ನೆ ನನ್ನ ಕಲಕಿದ ತಲೆಗೆ ಹೊಳೆಯಲೇ ಇಲ್ಲ. ಅದನ್ನು ಹೊಳೆಯಿಸಿದವರು, ಧಾರವಾಡದಿಂದ ವರ್ಗವಾಗಿ ಬಂದಿದ್ದ ಅಧಿಕಾರಿಯೊಬ್ಬರ ಪತ್ನಿ.

“ಬಂದಿದ್ಳರೀ ನಿಮ್ಮ ಕೂಸು,” ಎಂದರು ಆ ತಾಯಿ, ಸೆರಗು ಸರಿಪಡಿಸಿಕೊಳ್ಳುತ್ತ. “ಹಬ್ಬದ ದಿನ ಬರೀ ಡಬ್ಬಿ ಹೆಂಗ ಕಳಸೋದ್ರೀ? ಕುಸುರೆಳ್ಳು ತುಂಬಿ ಕಳಿಸೀನಿ. ಯಾಕ್ರೀ, ಇನ್ನೂ ಮನೀಗೆ ಬಂದಿಲ್ಲೇನು?”

ನಾನು ಅಲ್ಲೇ ನಿಂತುಬಿಟ್ಟೆ. ವಠಾರದಲ್ಲಿ ಎಳ್ಳು ಕೊಡುವ ಪಾತ್ರೆ ಬೇರೆ, ಅವರು ಕೊಟ್ಟದ್ದನ್ನು ಹಾಕಿಕೊಳ್ಳುವ ಚೀಲ ಬೇರೆ. ಎರಡನ್ನೂ ಹಿಡಿದುಕೊಂಡು ನಮ್ಮ ತಾಯಿ ಮೊಮ್ಮಗಳ ಹಿಂದೆ ನಡೆಯುತ್ತಿದ್ದರು. ಅವರೀಗ ಮೈಸೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾರೆ. ಇವಳ ಕೈಗೆ ನಾವು ಕೊಟ್ಟದ್ದು ಒಂದೇ ಡಬ್ಬಿ. ಇವಳು ಪ್ರತಿ ಮನೆಯಲ್ಲೂ ಒಂದು ಹಿಡಿ ಕೊಟ್ಟಿದ್ದಾಳೆ. ಪ್ರತಿ ಮನೆಯ ಪುಣ್ಯಾತ್ಗಿತ್ತಿಯೂ ಪಾತ್ರೆಯನ್ನು ಬರಿದಾಗಿ ಕಳುಹಿಸಬಾರದೆಂದು ಒಂದು ಹಿಡಿ ತಿರುಗಿ ಹಾಕಿದ್ದಾಳೆ. ಒಂದು ಕೊಳಾಯಿ ತುಂಬಿಸುತ್ತ, ಇನ್ನೊಂದು ಖಾಲಿ ಮಾಡುತ್ತ ಇದ್ದರೆ ತೊಟ್ಟಿ ಯಾವಾಗ ಬರಿದಾದೀತು ಎಂಬ ಲೆಕ್ಕಕ್ಕೆ ನಾನು ಬಾಲ್ಯದಲ್ಲಿ ಸಾಕಷ್ಟು ಏಟು ತಿಂದಿದ್ದೇನೆ. ಉತ್ತರ ಈಗ ಬೀದಿಯಲ್ಲಿ ದೊರೆಯಿತು: ಎಂದಿಗೂ ಇಲ್ಲ. ಈ ಬಡಾವಣೆಯಲ್ಲಿ ಸಂಪ್ರದಾಯಸ್ಥರು ಇರುವವರೆಗೆ ನನ್ನ ಮಗಳು ಮನೆಗೆ ಬರುವಂತಿಲ್ಲ. ಅವಳು ದಾರಿ ತಪ್ಪಿಲ್ಲ. ಅಮ್ಮನ ಮಾತು ತಪ್ಪದೆ ನಡೆಯುತ್ತಿದ್ದಾಳೆ. ದಾರಿ ತಪ್ಪಿದ ಮಗು ಎಲ್ಲಾದರೂ ಕುಳಿತು ಅಳುತ್ತದೆ. ಮಾತು ಕೇಳುವ ಮಗು ಎಲ್ಲಿ ನಿಂತೀತು?

ಮನೆಗಳು ಮುಗಿದವು. ಕೊನೆಯ ಸಾಲಿನಾಚೆ ಅರೆಕಟ್ಟಿದ ಗೋಡೆಗಳು, ಅವುಗಳಾಚೆ ಕೊಯ್ಲಾದ ರಾಗಿ ಹೊಲ. ಬೆಳಕು ಕುಂದುತ್ತಿತ್ತು. ಕಟ್ಟೆಯಿಲ್ಲದ ಬಾವಿಯೊಂದರ ಅಂಚಿನಲ್ಲಿ ಏನೋ ಗುಲಾಬಿ ಬಣ್ಣದ್ದು ಬಿದ್ದಿತ್ತು. ಬಗ್ಗಿ ನೋಡಿದೆ. ಸಕ್ಕರೆ ಅಚ್ಚಿನ ಗಿಳಿ. ಇರುವೆ ಮುತ್ತಿದ್ದವು.

ಆಮೇಲೆ ನಾನು ಏನೇನು ಮಾಡಿದೆನೋ ಕ್ರಮವಾಗಿ ನೆನಪಿಲ್ಲ. ಮಣ್ಣಿನ ಮೇಲೆ ಬೋರಲು ಮಲಗಿ ಬಾವಿಯೊಳಗೆ ಅವಳ ಹೆಸರು ಕೂಗಿದೆ. ನನ್ನ ಧ್ವನಿಯೇ ಒದ್ದೆಯಾಗಿ ಮೇಲೆ ಬಂತು. ಕೆಳಗೆ ನೀರು ಕಪ್ಪಗೆ, ಅಲುಗಾಡದೆ ಇತ್ತು. ಕೋಟು ಕಳಚುತ್ತಿದ್ದಾಗ, ಈಜು ಬಾರದವನು ಕೋಟನ್ನೇಕೆ ಕಳಚುತ್ತಿದ್ದೇನೆಂದು ನನಗೇ ತಿಳಿಯದಾಗ, ಹಿಂದಿನಿಂದ ಯಾರೋ ಕರೆದರು. ಗಾರೆ ಕೆಲಸದವರ ತಗಡಿನ ಗುಡಿಸಲಿನಿಂದ ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸು. ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಆಕೆ ಹೇಳಿದ್ದನ್ನು ನಾನು ಎರಡು ಸಲ ಹೇಳಿಸಿಕೊಂಡೆ: ಗಿಳಿಯನ್ನು ಆ ಹುಡುಗಿ ತನ್ನ ಕೂಸಿಗೆ ಕೊಟ್ಟಳು, ಕೂಸು ಅದನ್ನು ಎಸೆಯಿತು, ಹುಡುಗಿ ತಮಟೆಯ ಸದ್ದು ಬರುವ ಕಡೆಗೆ ಹೋದಳು. ತಾನೂ ಅವಳ ಡಬ್ಬಿಗೆ ಒಂದು ಹಿಡಿ ಸಕ್ಕರೆ ಹಾಕಿದೆನೆಂದು ಹೇಳುವುದನ್ನು ಆಕೆಯೂ ಮರೆಯಲಿಲ್ಲ.

ತಮಟೆ ಕೇಳುತ್ತಿದ್ದುದು ಸಾಣೆಗುರುವನಹಳ್ಳಿಯ ಕಡೆಯಿಂದ. ಓಡಿದೆ. ಊರ ಬಾಗಿಲಲ್ಲಿ ದಾರಿಗಡ್ಡವಾಗಿ ಹುಲ್ಲು ಹಾಸಿ ಕಿಚ್ಚು ಹಚ್ಚಿದ್ದರು. ಬೆಂಕಿಯಿಲ್ಲದ ಹಬ್ಬವೆಂದು ಬೀಗಿದ್ದೆನಲ್ಲ, ಆಳೆತ್ತರ ಉರಿಯುತ್ತಿತ್ತು. ಕೊಂಬಿಗೆ ಬಣ್ಣ ಬಳಿದ ಎತ್ತುಗಳನ್ನು ಅದರ ಮೇಲೆ ಹಾರಿಸಲು ನನ್ನ ಹಿಂದಿನಿಂದ ಅಟ್ಟಿಕೊಂಡು ಬರುತ್ತಿದ್ದರು. ಬೆಂಕಿಯ ಆಚೆಬದಿಯಲ್ಲಿ, ದಾರಿಯ ನಟ್ಟನಡುವೆ, ಡಬ್ಬಿಯನ್ನು ಎದೆಗವಚಿಕೊಂಡು ಪದ್ಮ ನಿಂತಿದ್ದಳು.

ಕೂಗಲು ಬಾಯಿ ತೆರೆದೆ. ವರ್ಷವಿಡೀ ಸಲ್ಲದ ಕಡೆಯೆಲ್ಲ ಕೂಗಿ ಸವೆಸಿದ್ದ ಧ್ವನಿ, ಸಲ್ಲಬೇಕಾದಾಗ ಕೈಕೊಟ್ಟಿತು. ಗೊರಸಿನ ಸದ್ದು ನನ್ನ ಪಕ್ಕದಲ್ಲೇ ಹಾದುಹೋಯಿತು. ಎತ್ತುಗಳು ಹಾರಿದವು, ಹೊಗೆ ಕವಿಯಿತು, ಏನೂ ಕಾಣಲಿಲ್ಲ. ಹೊಗೆ ಹರಿದಾಗ ದಾರಿ ಬರಿದಾಗಿತ್ತು. ಪಕ್ಕದ ಜಗಲಿಯ ಮುಂದೆ ಮುದುಕಿಯೊಬ್ಬಳು ಪದ್ಮನ ಲಂಗದ ಅಂಚನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಿದ್ದಳು. ಕೆಂಡ ದಾಟಿ ಹೋದೆ. ಒಂದು ಕಾಲಿನ ಚಪ್ಪಲಿ ಅಲ್ಲೇ ಉಳಿಯಿತು.

“ನಿಮ್ ಮಗೀನಾ ಸ್ವಾಮಿ?” ಎಂದಳು ಮುದುಕಿ. “ಮನೆಗ್ ಬುಟ್ಟು ಬತ್ತೀನಿ ಬಾರವ್ವ ಅಂದ್ರೆ ಡಬ್ಬಿ ಬರಿದಾಗ್ಬೇಕು ಅಂತ ಅಳ್ತಾಳೆ. ಪಾಪ ಅಂತ ನಾನೂ ಒಂದಿಡಿ ಬೆಲ್ಲ ಹಾಕ್ದೆ.”

ನಾನು ಮಗುವನ್ನು ಅಪ್ಪಿಕೊಂಡೆ. ಅವಳ ಕೆನ್ನೆಯ ಮೇಲೆ ಮಸಿಯೂ ಕಣ್ಣೀರೂ ಬೆರೆತು ಹರಿದಿತ್ತು.

“ಖಾಲಿ ಆಗ್ತಾನೇ ಇಲ್ಲ ಅಪ್ಪ,” ಎಂದಳು. “ಎಲ್ಲಾರಿಗೂ ಕೊಟ್ಟೆ. ನಾನು ಒಂದ್ ಕಾಳೂ ತಿಂದಿಲ್ಲ.”

ನಾನು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ. ಅಮ್ಮ ಏನೂ ಅನ್ನುವುದಿಲ್ಲ, ಬಾ ಎಂದೆ. ಅವಳು ಕದಲಲಿಲ್ಲ. ಉಳಿದದ್ದನ್ನು ಇಲ್ಲೇ ಸುರಿದುಬಿಡೋಣ ಎಂದೆ. ಹಬ್ಬದ ಎಳ್ಳನ್ನು ನೆಲಕ್ಕೆ ಸುರಿಯೆನ್ನುವ ಅಪ್ಪನನ್ನು ಅವಳು ನೋಡಿದ ನೋಟವನ್ನು ಇಲ್ಲಿ ಬಣ್ಣಿಸಲಾರೆ. ಅಷ್ಟರಲ್ಲಿ ಮುದುಕಿಯ ಮಗ ಬೆಂಕಿ ದಾಟಿಸಿದ ಎತ್ತನ್ನು ಹಿಡಿದು ತಂದವನು, ಇದನ್ನೆಲ್ಲ ಕೇಳಿಸಿಕೊಂಡು, ಹಗ್ಗ ಸಡಿಲಿಸಿ, “ನಮ್ ಬಸವಂಗೂ ಬೀರವ್ವ” ಎಂದ.

ಪದ್ಮ ಒಂದು ಕ್ಷಣ ಯೋಚಿಸಿ ಡಬ್ಬಿಯನ್ನು ಮುಂದೆ ಹಿಡಿದಳು. ಇಡೀ ಬಡಾವಣೆಯ ಎಳ್ಳು, ಧಾರವಾಡದ ಕುಸುರೆಳ್ಳು, ಗುಡಿಸಲಿನ ಸಕ್ಕರೆ, ಮುದುಕಿಯ ಬೆಲ್ಲ, ಎಲ್ಲವನ್ನೂ ಆ ಮಹಾಶಯ ನಾಲ್ಕು ಸಲ ನಾಲಿಗೆಯಾಡಿಸಿ ಮುಗಿಸಿತು, ಡಬ್ಬಿಯೊಳಗೆ ಒಮ್ಮೆ ಬುಸ್ಸೆಂದಿತು, ಮುಖ ತಿರುಗಿಸಿಕೊಂಡಿತು. ಪದ್ಮ ಡಬ್ಬಿಯನ್ನು ಹಾಗೇ ಹಿಡಿದುಕೊಂಡು, ಇನ್ನೇನಾದರೂ ಹಾಕೀತೇನೋ ಎಂದು ಭಯದಿಂದ ಕಾದಳು. ಏನೂ ಬೀಳಲಿಲ್ಲ. ಅಷ್ಟು ಜನ ಶಿಷ್ಟಾಚಾರಿಗಳ ಪೈಕಿ, ಕೊಟ್ಟದ್ದನ್ನು ಸುಮ್ಮನೆ ತೆಗೆದುಕೊಳ್ಳಲು ತಿಳಿದಿದ್ದದ್ದು ಆ ಎತ್ತಿಗೆ ಮಾತ್ರ.

“ಖಾಲಿ,” ಎಂದು ಅವಳು ನಕ್ಕಳು. ನನಗೆ ಮಾತ್ರ ಆಗ ಅಳು ಬಂತು. ಹೊಗೆ ಕಣ್ಣಿಗೆ ಹೊಕ್ಕಿತೆಂದು ಎತ್ತಿನ ಯಜಮಾನನಿಗೆ ಹೇಳಿದೆ.

ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಒಂದೇ ಚಪ್ಪಲಿಯಲ್ಲಿ ಮರಳಿದೆ. ಕತ್ತಲಾಗುತ್ತಿತ್ತು. ಹೋಗುವಾಗ ಒಂದೇ ಥರ ಕಂಡಿದ್ದ ಆ ಮನೆಗಳ ಬಾಗಿಲಲ್ಲೆಲ್ಲ ಈಗ ಒಬ್ಬೊಬ್ಬರು ಲಾಟೀನು ಹಿಡಿದು ನಿಂತಿದ್ದರು. ಸಿಕ್ಕಳಾ ಎಂದು ಕೇಳಿದರು, ಕೆನ್ನೆ ಸವರಿದರು, ನನ್ನ ಬರಿಗಾಲನ್ನು ನೋಡಿಯೂ ನೋಡದಂತಿದ್ದರು. ಧಾರವಾಡದ ಆ ತಾಯಿಯಂತೂ “ತಡೀರಿ, ಒಂದು ನಿಮಿಷ” ಎಂದು ಒಳಗೆ ಹೊರಟರು. ಅವರು ಏನು ತರಲು ಹೋದರೆಂಬುದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಪದ್ಮ ಹೆಗಲ ಮೇಲಿನಿಂದ ಡಬ್ಬಿಯನ್ನು ನನ್ನ ಕೋಟಿನೊಳಗೆ ತುರುಕಿದಳು. ನಾನು ಗುಂಡಿ ಹಾಕಿಕೊಂಡು, ಕದ್ದ ಮಾಲು ಸಾಗಿಸುವವನಂತೆ ಬೇಗ ಬೇಗ ಹೆಜ್ಜೆ ಹಾಕಿದೆ. ಮನೆಯ ಮುಂದೆ ಜ್ವರದ ಮಗುವನ್ನು ಎತ್ತಿಕೊಂಡು ನಿಂತಿದ್ದವಳ ಎದುರಿಗೆ ಡಬ್ಬಿಯನ್ನು ಬೋರಲು ಹಾಕಿ ತೋರಿಸಿದಾಗ, ಆಕೆ ಅದನ್ನು ನೋಡಲೂ ಇಲ್ಲ.

ನನ್ನ ಸ್ವಭಾವ ಬದಲಾಯಿತೆಂದು ನೀವು ತಿಳಿಯಬೇಡಿ. ಹಬ್ಬ ಬಂದರೆ ಈಗಲೂ ಹಿಂದಿನ ದಿನದಿಂದಲೇ ಎದೆ ಹಾರುತ್ತದೆ, ಮಕ್ಕಳು ಹೊರಗೆ ಹೊರಟರೆ ಈಗಲೂ ಬಾಗಿಲಲ್ಲಿ ನಿಲ್ಲುತ್ತೇನೆ. ಆದರೆ ನಿಂತು ಬೀದಿಯುದ್ದಕ್ಕೂ ನೋಡಿದರೆ, ಪ್ರತಿ ಬಾಗಿಲಲ್ಲೂ ಯಾರೋ ಒಬ್ಬರು ಅವರನ್ನು ಕಣ್ಣಲ್ಲೇ ಹಿಂಬಾಲಿಸುತ್ತ ನಿಂತಿರುವುದು ಕಾಣುತ್ತದೆ. ಮಕ್ಕಳು ನನ್ನ ಕಣ್ಣಿನಿಂದ ಜಾರುವ ಮೂಲೆಯಲ್ಲಿ ಇನ್ನೊಬ್ಬರ ಕಣ್ಣು ಮೊದಲಾಗುತ್ತದೆ. ಆಗ ನಾನು ಒಳಗೆ ಹೋಗಿ, ಸ್ವಲ್ಪ ಹೊತ್ತು ಕುಳಿತುಕೊಳ್ಳುತ್ತೇನೆ.