ಕಳ್ಳರು ತಳ್ಳಿದ ಬಾಗಿಲು

ಬೆಳಗಿನ ಐದೂವರೆ. ತಗಡಿನ ಚಾವಣಿಯ ದೊಡ್ಡ ಶೆಡ್ಡಿನೊಳಗೆ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಒಂದು ಬಾಗಿಲು ನಿಂತಿದೆ. ಎಡಕ್ಕೂ ಗೋಡೆಯಿಲ್ಲ, ಬಲಕ್ಕೂ ಗೋಡೆಯಿಲ್ಲ. ಐವತ್ತೆಂಟರ ಸಣಕಲು ಮನುಷ್ಯರೊಬ್ಬರು ಅದನ್ನು ತೆರೆಯುತ್ತಾರೆ, ಮುಚ್ಚುತ್ತಾರೆ, ಮತ್ತೆ ತೆರೆಯುತ್ತಾರೆ. ಕಿವಿಯನ್ನು ಚೌಕಟ್ಟಿಗೆ ಆನಿಸಿದ್ದಾರೆ. ಹನ್ನೊಂದನೆಯ ಸಲ ಅವರಿಗೆ ಏನೋ ಕೇಳಿಸುತ್ತದೆ. ಜೇಬಿನಿಂದ ಪೆನ್ಸಿಲ್ ತೆಗೆದು ಮೇಲಿನ ಕೀಲಿನ ಪಕ್ಕ ಗುರುತು ಹಾಕಿ, ಒಂದು ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿ, ಎಣಿಕೆಯನ್ನು ಮತ್ತೆ ಒಂದರಿಂದ ಶುರುಮಾಡುತ್ತಾರೆ.

"ಇಪ್ಪತ್ತು ಸಲ ಬಾಯಿ ಮುಚ್ಕೊಂಡು ತೆಗೆಸ್ಕೊಂಡು ಹಾಕಿಸ್ಕೋಬೇಕು. ಆಮೇಲೇ ಅದು ಬಾಗಿಲು. ಅಲ್ಲೀವರೆಗೂ ಬರೀ ಹಲಗೆ" ಎನ್ನುತ್ತಾರೆ.

ಇವರು ಸಿನಿಮಾ ಸೆಟ್ಟಿನ ಬಡಗಿ. ಗೋಡೆ, ಮೆಟ್ಟಿಲು, ಕಿಟಕಿಗಳನ್ನು ಯಾರು ಬೇಕಾದರೂ ನಿಲ್ಲಿಸುತ್ತಾರೆ; ಬಾಗಿಲು ಕೂರಿಸುವ ಕೆಲಸ ಮಾತ್ರ ಇವರದ್ದೇ. ಹಾಗಾಗಿ ಶೆಡ್ಡಿನಲ್ಲಿ ಎಲ್ಲರಿಗೂ ಇವರು 'ಬಾಗಿಲು ಮೇಸ್ತ್ರಿ'. ಸಿನಿಮಾದ ಬಾಗಿಲಿಗೆ ಇಷ್ಟೊಂದು ಉಪಚಾರ ಯಾಕೆ ಎಂದರೆ ಅವರಿಗೆ ಅಚ್ಚರಿಯಾಗುತ್ತದೆ. "ನೋಡಿ, ಅಳೋ ಹುಡುಗಿಗೆ ಒಂದೇ ಸಲ ಚೆನ್ನಾಗಿ ಅಳು ಬರೋದು. ಅವಳು ಒಳಗೆ ಬರೋವಾಗ ನನ್ನ ಬಾಗಿಲು ಕಿರ್ರ್ ಅಂದ್ರೆ ಪಾಪ ಇನ್ನೊಂದು ಸಲ ಅಳಬೇಕು. ಆ ಎರಡನೇ ಅಳು ಹಳಸಿರತ್ತೆ."

ಮೂವತ್ತೊಂದು ವರ್ಷಗಳಿಂದ ಇದೇ ಕೆಲಸ. ಇದುವರೆಗೆ ಕೂರಿಸಿದ್ದು ಸಾವಿರದ ನೂರಕ್ಕೂ ಹೆಚ್ಚು ಬಾಗಿಲು: ಅರಮನೆಯದು, ಜೈಲಿನದು, ಹಡಗಿನದು, ಬಡವರ ಮನೆಯದು. ಒಂದೊಂದಕ್ಕೂ ಆಯುಸ್ಸು ಹದಿನೆಂಟು ಇಪ್ಪತ್ತು ದಿನ. ಚಿತ್ರೀಕರಣ ಮುಗಿದ ಸಂಜೆಯೇ ಮೊಳೆ ಕಿತ್ತು, ಹಲಗೆ ಬಿಡಿಸಿ, ರಾಶಿ ಹಾಕುತ್ತಾರೆ. ರಾಜಕುಮಾರಿಯ ಅಂತಃಪುರದ ಬಾಗಿಲು ಮುಂದಿನ ತಿಂಗಳು ಪೊಲೀಸ್ ಠಾಣೆಯ ಕಪಾಟಾಗುತ್ತದೆ. ಮೇಸ್ತ್ರಿ ಹಲಗೆಗಳನ್ನು ಗುರುತು ಹಿಡಿಯುತ್ತಾರೆ, ಹಳೆಯ ಸ್ನೇಹಿತರನ್ನು ಸಂತೆಯಲ್ಲಿ ಕಂಡ ಹಾಗೆ.

ಅವರ ತಂದೆ ಹಣ್ಣು ತುಂಬುವ ಪೆಟ್ಟಿಗೆ ಮಾಡುತ್ತಿದ್ದ ಬಡಗಿ. ಮಗ ಸೆಟ್ಟಿಗೆ ಸೇರಿದ್ದು ಇಪ್ಪತ್ತೇಳರಲ್ಲಿ, ಸೊಟ್ಟ ಮೊಳೆ ನೆಟ್ಟಗೆ ಮಾಡುವ ಕೆಲಸಕ್ಕೆ. ಮೂರು ವರ್ಷ ಮೊಳೆಯನ್ನೇ ಬಡಿದರು. ಮೂವತ್ತರಲ್ಲಿ ಗರಗಸಕ್ಕೆ ಬಲ ಹೆಬ್ಬೆರಳ ತುದಿ ಕೊಟ್ಟರು; ಅಂದಿನಿಂದ ಕೆಲಸದ ಹೊತ್ತಿನಲ್ಲಿ ಅದಕ್ಕೊಂದು ಬಟ್ಟೆ ಸುತ್ತಿಕೊಳ್ಳುತ್ತಾರೆ. ಈಗ ಮರದ ಹೊಟ್ಟಿನಿಂದ ಬಂದ ಕೆಮ್ಮಿದೆ. ಚಿತ್ರೀಕರಣ ನಡೆಯುವಾಗ ಅದು ಬಂದರೆ ಟವೆಲ್ಲು ಕಚ್ಚಿಕೊಂಡು ನುಂಗುತ್ತಾರೆ. ಎರಡು ಕೋಣೆಯ ಬಾಡಿಗೆ ಮನೆ. ಹೆಂಡತಿ ಮನೆಯಲ್ಲೇ ದಿಂಬಿನ ಚೀಲ ಹೊಲಿಯುತ್ತಾರೆ, ಮಗಳು ಆಸ್ಪತ್ರೆಯಲ್ಲಿ ನರ್ಸು. ಆ ಮನೆಯ ಬಚ್ಚಲ ಬಾಗಿಲನ್ನು ಎತ್ತಿ ಹಿಡಿದು ಒದ್ದರೆ ಮಾತ್ರ ಮುಚ್ಚುತ್ತದೆ. "ಆರು ವರ್ಷದಿಂದ 'ಬರೋ ಭಾನುವಾರ' ಅಂತಿದ್ದಾರೆ. ಆ ಭಾನುವಾರ ಯಾವ ಕ್ಯಾಲೆಂಡರಲ್ಲಿದೆಯೋ" ಎನ್ನುತ್ತಾರೆ ಹೆಂಡತಿ.

ಇಂಥವರ ಸಾವಿರದ ನೂರು ಬಾಗಿಲುಗಳಲ್ಲಿ ಜನ ಗಮನಿಸಿದ್ದು ಒಂದೇ ಒಂದನ್ನು. ಮೇಸ್ತ್ರಿ ತಲೆ ಎತ್ತದ ಹಾಗೆ ಮಾಡಿದ್ದೂ ಅದೇ.

ಆ ಸಿನಿಮಾ ಈಗ ಏಳನೆಯ ವಾರ ಓಡುತ್ತಿದೆ. ಪುಟ್ಟ ಊರೊಂದರ ಬ್ಯಾಂಕಿಗೆ ಕನ್ನ ಹಾಕಲು ಹೊರಟ ಮೂವರು ಪೆದ್ದರ ಕಥೆ. ಒಬ್ಬ ದಪ್ಪ, ಒಬ್ಬ ಕಡ್ಡಿ, ಒಬ್ಬನಿಗೆ ಸದಾ ನೆಗಡಿ. ಅದರ ಕೊನೆಯಲ್ಲಿ ಬರುವ ಖಜಾನೆ ಕೋಣೆಯ ಬಾಗಿಲು ಮಾಡುವ ಕೆಲಸ ಮೇಸ್ತ್ರಿಗೆ ಬಂದಾಗ ಅವರು ಮಾಡಿದ ಮೊದಲ ಕೆಲಸ, ತಮ್ಮ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋದದ್ದು. ನಾಲ್ಕು ದಿನ ಹೋದರು. ಬೆಂಚಿನ ಮೇಲೆ ಕೂತು, ಒಳಗೆ ಕಾಣುವ ಉಕ್ಕಿನ ಬಾಗಿಲನ್ನು ಕಣ್ಣಲ್ಲೇ ಅಳೆದು, ಚೀಟಿಯಲ್ಲಿ ಗೀಟು ಹಾಕಿಕೊಂಡರು. ನಾಲ್ಕನೆಯ ದಿನ ಬ್ಯಾಂಕಿನ ಕಾವಲುಗಾರ ಬಂದು ಪಕ್ಕದಲ್ಲೇ ಕೂತ.

"ಏನು ಯಜಮಾನ್ರೇ, ದಿನಾ ಬರ್ತೀರಿ, ದುಡ್ಡು ಕಟ್ಟಲ್ಲ, ತೆಗೆಯಲ್ಲ. ಖಜಾನೆ ನೋಡ್ತೀರಿ, ಬರ್ಕೋತೀರಿ. ಏನು ಸಮಾಚಾರ?"

"ಇಲ್ಲ ಸಾರ್, ಕಳ್ಳರಿಗೋಸ್ಕರ ಒಂದು ಬಾಗಿಲು ಮಾಡ್ಬೇಕಿತ್ತು."

ಈ ಉತ್ತರಕ್ಕೆ ಅವರನ್ನು ಮ್ಯಾನೇಜರ್ ಕೋಣೆಯಲ್ಲಿ ಒಂದು ಗಂಟೆ ಕೂರಿಸಿದ್ದರು. ಸ್ಟುಡಿಯೋಗೆ ಫೋನು ಮಾಡಿ ವಿಚಾರಿಸಿದ ಮೇಲೆ ಎಲ್ಲರೂ ನಕ್ಕರು. ಕಾವಲುಗಾರನೇ ಕರೆದುಕೊಂಡು ಹೋಗಿ ಬಾಗಿಲನ್ನು ಹತ್ತಿರದಿಂದ ತೋರಿಸಿದ. ಇಪ್ಪತ್ತೆರಡು ವರ್ಷ ಅದರ ಪಕ್ಕದಲ್ಲೇ ನಿಂತವನು. "ಇದು ಹೊರಕ್ಕೆ ತೆರೆಯೋದು ಮೇಸ್ತ್ರಿ. ಒದ್ರೂ ಒಳಕ್ಕೆ ಹೋಗಬಾರದು ನೋಡಿ" ಎಂದು ವಿವರಿಸಿದ. "ಸಿನಿಮಾ ಬಂದಾಗ ನನಗೆ ಹೇಳಿ, ಒಟ್ಟಿಗೇ ನೋಡೋಣ" ಎಂದೂ ಸೇರಿಸಿದ. ಮೇಸ್ತ್ರಿ ಮಾತು ಕೊಟ್ಟರು.

ಶೆಡ್ಡಿಗೆ ಬಂದು ನಕ್ಷೆ ಬಿಡಿಸಿದರೆ, ಬಾಗಿಲು ಒಳಕ್ಕೆ ತೆರೆಯುವ ಹಾಗೆ ಗೀಟು ಹಾಕಿತ್ತು. ನಕ್ಷೆ ಬರೆದ ಕಲಾ ನಿರ್ದೇಶಕ ಮೇಸ್ತ್ರಿಯ ಮಗಳ ವಯಸ್ಸಿನವನು. ಪಾಪ, ಹುಡುಗ ತಪ್ಪಿದ್ದಾನೆ ಅಂದುಕೊಂಡರು ಮೇಸ್ತ್ರಿ. ಚಿಕ್ಕವರ ತಪ್ಪನ್ನು ಯಾರಿಗೂ ಹೇಳದೆ ತಿದ್ದಿಬಿಡುವುದು ಅವರ ಹಳೆಯ ಪದ್ಧತಿ. ಇಲ್ಲೂ ಹಾಗೇ ಮಾಡಿದರು. ಬಾಗಿಲನ್ನು ಹೊರಕ್ಕೆ ತೆರೆಯುವ ಹಾಗೆ ಕೂರಿಸಿದರು. ಪ್ಲೈವುಡ್ಡಿನ ಎರಡು ಪದರದ ನಡುವೆ ಮರಳಿನ ಚೀಲ ಇಟ್ಟರು; ಹಗುರವಾದ ಬಾಗಿಲು ತೂಗುವಾಗಲೇ ಸುಳ್ಳು ಬಯಲಾಗುತ್ತದೆ. ಗುಜರಿಯಿಂದ ತಂದ ಬಸ್ಸಿನ ಸ್ಟೀರಿಂಗು ಅದರ ಹಿಡಿಯಾಯಿತು. ಇಪ್ಪತ್ತು ಸಲ ತೆರೆದು ಮುಚ್ಚಿದರು. ಉಸಿರಿನ ಸದ್ದೂ ಇಲ್ಲ.

ನಿಜವಾಗಿ ನಕ್ಷೆ ತಪ್ಪಿರಲಿಲ್ಲ. ಕಥೆಯಲ್ಲಿ ಮ್ಯಾನೇಜರು ಬೀಗ ಹಾಕುವುದನ್ನೇ ಮರೆತಿರುತ್ತಾನೆ. ದಪ್ಪನೆಯ ಕಳ್ಳ ಸುಸ್ತಾಗಿ ಒಂದು ಬೆರಳು ಊರಿದರೆ ಸಾಕು, ಬಾಗಿಲು ಒಳಕ್ಕೆ ಹೋಗಿ ಮೂವರೂ ಖಜಾನೆಯೊಳಗೆ ಮಗುಚಿಬೀಳಬೇಕು. ನಗು ಇದ್ದದ್ದೇ ಆ ಬೀಳುವುದರಲ್ಲಿ. ಇದನ್ನು ಮೇಸ್ತ್ರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಬೆಳಿಗ್ಗೆ ತಾಲೀಮಿನ ಹೊತ್ತಿಗೆ ಬೆಳ್ಳಿ ಬಣ್ಣ ಇನ್ನೂ ಹಸಿಯಾಗಿದ್ದರಿಂದ ಬಾಗಿಲು ಮುಟ್ಟಬೇಡಿ ಎಂದಿದ್ದರು. ನಟರು ಗಾಳಿಯಲ್ಲೇ ಅಭ್ಯಾಸ ಮಾಡಿದ್ದರು.

ಕ್ಯಾಮೆರಾ ಶುರುವಾಯಿತು. ಬಾಗಿಲು ತಾನಾಗಿ ಅಲುಗಬಾರದೆಂದು ಮೇಸ್ತ್ರಿ ಯಾವಾಗಿನಂತೆ ಅದರ ಹಿಂದೆ, ಎರಡಡಿ ಕತ್ತಲೆಯಲ್ಲಿ ನಿಂತಿದ್ದರು. ದಪ್ಪನೆಯ ನಟ ಬೆರಳು ಊರಿದ. ಏನೂ ಆಗಲಿಲ್ಲ. ಅಂಗೈ ಊರಿದ. ಆಮೇಲೆ ಮೂವರೂ ಹೆಗಲು ಕೊಟ್ಟರು. ಒಳಗಿದ್ದ ಮೇಸ್ತ್ರಿಗೆ ಕೇಳಿಸಿದ್ದು ತಿಣುಕಾಟ ಮಾತ್ರ. ಅವರು ಎಳೆಯುತ್ತಿದ್ದಾರೆ, ಬಣ್ಣ ಅಂಟಿಕೊಂಡು ಬಾಗಿಲು ಕಚ್ಚಿದೆ ಎಂದೇ ಇವರ ಎಣಿಕೆ. ಮಾತಾಡುವ ಹಾಗಿಲ್ಲ, ಮೈಕು ಕೇಳುತ್ತಿದೆ. ಸಹಾಯವಾಗಲಿ ಎಂದು ತಾವೂ ಒಳಗಿಂದ ಬೆನ್ನು ಕೊಟ್ಟು ತಳ್ಳತೊಡಗಿದರು.

ಹೊರಗಿಂದ ಮೂವರು, ಒಳಗಿಂದ ಒಬ್ಬರು. ಒಂದು ನಿಮಿಷದ ಮೇಲೆ ಹತ್ತು ಸೆಕೆಂಡು.

"ಲೋ, ಒಳಗಿಂದ ಯಾರೋ ತಳ್ತಾ ಇದ್ದಾರೆ ಕಣ್ರೋ" ಎಂದ ದಪ್ಪನೆಯ ನಟ. ಇದು ಬರೆದುಕೊಟ್ಟ ಮಾತಲ್ಲ, ಅವನಿಗೆ ನಿಜವಾಗಿಯೂ ಹಾಗನ್ನಿಸಿತ್ತು.

"ದುಡ್ಡೇ ತಳ್ತಿರಬೇಕು ಬಿಡು. ನಮ್ಮ ಮುಖ ನೋಡಿ ಬರಲ್ಲ ಅಂತಿದೆ" ಎಂದ ಕಡ್ಡಿ.

ನೆಗಡಿಯವನಿಗೆ ಸೀನು ಬಂತು. ಮೂವರೂ ಕೈಬಿಟ್ಟರು. ಮರಳು ತುಂಬಿದ ಬಾಗಿಲು ರಪ್ಪನೆ ಹೊರಕ್ಕೆ ಬಂದು ಮೂವರನ್ನೂ ನೆಲಕ್ಕೆ ಕೆಡವಿತು. ಬಾಗಿಲ ಜೊತೆಗೇ ಮುಗ್ಗರಿಸಿದ ಮೇಸ್ತ್ರಿಯ ಬಲಗೈ ಅಂಚನ್ನು ಹಿಡಿದು, ಬೆಳಕು ಕಂಡದ್ದೇ ಒಳಕ್ಕೆ ಸರಿಯಿತು.

ನಿರ್ದೇಶಕರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೊರಗೆ ಹೋದರು. ಸಿಟ್ಟಿಗೆ ಎಂದೇ ಎಲ್ಲರೂ ತಿಳಿದರು. ಕಲಾ ನಿರ್ದೇಶಕ ನಕ್ಷೆ ಹಿಡಿದು ಬಂದ. "ನಕ್ಷೆ ನೋಡೋಕೆ ಬರದೇ ಇದ್ರೆ ಕೇಳ್ಬೇಕು ಮೇಸ್ತ್ರಿ. ನಾಳೆಯಿಂದ ನೀವು ಬರೋದು ಬೇಡ."

ಮೇಸ್ತ್ರಿ ಸಾಮಾನು ಕಟ್ಟಿಕೊಂಡು ಹೊರಟಾಗ ಬಣ್ಣದವನೊಬ್ಬ ಕೇಳಿದ: "ಮೇಸ್ತ್ರಿ, ನಿಮ್ಮ ಮನೆಗೆ ಬಂದ್ರೆ ತಳ್ಳಬೇಕೋ, ಎಳೀಬೇಕೋ?" ಎಲ್ಲರೂ ನಕ್ಕರು. ಮೂವತ್ತೊಂದು ವರ್ಷದಲ್ಲಿ ಅವರ ಬಾಗಿಲಿಗೆ ಯಾರೂ ನಕ್ಕಿರಲಿಲ್ಲ.

ಹನ್ನೊಂದು ದಿನ ಅವರು ಎಂದಿನಂತೆ ಐದಕ್ಕೆ ಎದ್ದು ಮನೆಯಿಂದ ಹೊರಟರು, ಹೆಂಡತಿಗೆ ಗೊತ್ತಾಗಬಾರದೆಂದು. ಪರಿಚಯದ ಮರದ ಅಡ್ಡೆಯೊಂದರ ಹಿಂದೆ ಕೂತು, ಯಾರೂ ಹೇಳದಿದ್ದರೂ, ಸೊಟ್ಟ ಮೊಳೆಗಳನ್ನು ನೆಟ್ಟಗೆ ಮಾಡಿದರು.

ಹನ್ನೆರಡನೆಯ ದಿನ ಅಲ್ಲಿಗೇ ಕಲಾ ನಿರ್ದೇಶಕ ಹುಡುಕಿಕೊಂಡು ಬಂದ. ಆ ದೃಶ್ಯವನ್ನು ನಿರ್ದೇಶಕರು ಹಾಗೇ ಇಟ್ಟುಕೊಂಡಿದ್ದರು. ಅವತ್ತು ಹೊರಗೆ ಹೋದದ್ದು ನಗು ತಡೆಯಲಾರದೆ. ಬಾಗಿಲನ್ನು ಹತ್ತಿರದಿಂದ ಚಿತ್ರೀಕರಿಸುವುದು ಬಾಕಿಯಿತ್ತು. ಬೇರೆ ಯಾರು ಕೂರಿಸಿದರೂ ಅದು ನರಳುತ್ತಿತ್ತು.

"ನಕ್ಷೆ ತಪ್ಪು ಅನ್ನಿಸಿದ್ರೆ ನನಗೆ ಹೇಳಬಾರದಿತ್ತಾ ಮೇಸ್ತ್ರಿ?"

"ನಾಲ್ಕು ಜನರ ಮುಂದೆ ನಿಮಗೆ ಅವಮಾನ ಆಗ್ತಿತ್ತಲ್ಲ ಸಾರ್."

ಹುಡುಗ ಅವರ ಸಾಮಾನಿನ ಚೀಲವನ್ನು ತಾನೇ ಎತ್ತಿಕೊಂಡ.

ಕೆಲಸ ಮರಳಿ ಬಂತು, ಮನಸ್ಸು ಬರಲಿಲ್ಲ. ಸಿನಿಮಾ ಬಿಡುಗಡೆಯಾಗಿ ಊರೆಲ್ಲ ಆ ಬಾಗಿಲಿನ ಮಾತು. ತರಕಾರಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಜನ "ಒಳಗಿಂದ ಯಾರೋ ತಳ್ತಾ ಇದ್ದಾರೆ" ಎಂದು ನಗುತ್ತಿದ್ದರೆ ಮೇಸ್ತ್ರಿ ಅಲ್ಲಿಂದ ಸರಿದುಬಿಡುತ್ತಿದ್ದರು. ಊರಿಗೆ ಊರೇ ತಮ್ಮ ಬಾಗಿಲನ್ನು ಆಡಿಕೊಳ್ಳುತ್ತಿದೆ ಎಂದೇ ಅವರ ನಂಬಿಕೆ. ಮನೆಯಲ್ಲಿ ಬಾಯಿ ಬಿಡಲಿಲ್ಲ. ಥಿಯೇಟರಿನ ದಾರಿ ತುಳಿಯಲಿಲ್ಲ.

ಕಳೆದ ಭಾನುವಾರ ಮಧ್ಯಾಹ್ನ ಬ್ಯಾಂಕಿನ ಕಾವಲುಗಾರ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಮನೆ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ನಾಲ್ಕು ಟಿಕೆಟ್ಟು. "ಆರು ವಾರ ಕಾದೆ. ಕೊಟ್ಟ ಮಾತು ನೀವು ಮರೆತ್ರಿ, ನಾನು ಮರೆತಿಲ್ಲ. ಅಮ್ಮಾ, ನೀವೂ ಹೊರಡಿ. ಮಗಳನ್ನೂ ಕರೀರಿ."

ಆ ದೃಶ್ಯ ಬರುವ ಹೊತ್ತಿಗೆ ಮೇಸ್ತ್ರಿ ಕುರ್ಚಿಯಲ್ಲಿ ಕುಗ್ಗಿ ಕುಗ್ಗಿ, ಅವರ ತಲೆ ಮಾತ್ರ ಕಾಣುತ್ತಿತ್ತು. ಥಿಯೇಟರು ಬಿದ್ದು ಬಿದ್ದು ನಕ್ಕಿತು. ಬಾಗಿಲು ಹಾರಿತು, ಮೂವರೂ ಬಿದ್ದರು, ಅಂಚಿನಲ್ಲಿ ಒಂದು ಕೈ ಕಂಡು ಮಾಯವಾಯಿತು. ಹೆಬ್ಬೆರಳಿಗೆ ಹಸಿರು ಬಟ್ಟೆ ಸುತ್ತಿದ ಕೈ.

"ಅದು ನಾನು ಹೊಲಿದು ಉಳಿದ ದಿಂಬಿನ ಬಟ್ಟೆ" ಎಂದರು ಹೆಂಡತಿ ಮೆಲ್ಲಗೆ. "ರೀ, ಅದು ನಿಮ್ಮ ಕೈ."

ಮಗಳು ಕತ್ತಲೆಯಲ್ಲೇ ಅಪ್ಪನ ಕೈ ಹಿಡಿದು ಹೆಬ್ಬೆರಳು ತಡವಿ ನೋಡಿದಳು. ಮೇಸ್ತ್ರಿ ಕಾವಲುಗಾರನ ಕಡೆ ನೋಡುತ್ತಿದ್ದರು. ಆ ಬಾಗಿಲ ಬಗ್ಗೆ ತೀರ್ಪು ಕೊಡಬಲ್ಲವನು ಆ ಥಿಯೇಟರಿನಲ್ಲಿ ಅವನೊಬ್ಬನೇ. ಅವನು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ.

"ನಗ್ತಿದ್ದೀರಲ್ಲ ಸಾರ್. ಬಾಗಿಲು ಅಷ್ಟು ಕೆಟ್ಟದಾಗಿತ್ತಾ?"

ಕಾವಲುಗಾರ ನಗು ನಿಲ್ಲಿಸಿದ. "ಬಾಗಿಲಿಗೆ ಯಾರು ನಕ್ರು ಮೇಸ್ತ್ರಿ? ಸಿನಿಮಾದಲ್ಲಿ ಆ ಮ್ಯಾನೇಜರು ಸುಳ್ಳು, ಆ ಅಲಾರಂ ಗಂಟೆ ಸುಳ್ಳು, ಆ ಕಾವಲುಗಾರನಂತೂ ಶುದ್ಧ ಸುಳ್ಳು, ನಿದ್ದೆ ಮಾಡ್ತಾನೆ. ಬಾಗಿಲೊಂದೇ ನಿಜ. ಬಾಗಿಲು ಸರಿಯಾಗಿದೆ, ಕಳ್ಳರು ಸರಿ ಇಲ್ಲ."

ಮೇಸ್ತ್ರಿ ನೆಟ್ಟಗೆ ಕೂತರು. ಉಳಿದ ಸಿನಿಮಾವನ್ನು ಹಾಗೇ ನೋಡಿದರು.

ಈಗ ಶೆಡ್ಡಿನ ಹೊರಗೆ ಬೆಳಕು ಹರಿದಿದೆ. ಇಪ್ಪತ್ತನೆಯ ಸಲ ಬಾಗಿಲು ಮುಚ್ಚಿ ಮೇಸ್ತ್ರಿ ಅದರ ಹಿಂಬದಿಗೆ ಸೀಮೆಸುಣ್ಣದಿಂದ ದೊಡ್ಡದಾಗಿ 'ಒಳಕ್ಕೆ' ಎಂದು ಬರೆಯುತ್ತಾರೆ, ಕೆಳಗೆ ಕಲಾ ನಿರ್ದೇಶಕನ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಕಳ್ಳರ ಬಾಗಿಲು ಎಲ್ಲಿದೆ ಎಂದರೆ ಮೂಲೆಯಲ್ಲಿರುವ ಔಷಧಿ ಬೀರುವಿನ ಬೆನ್ನು ತೋರಿಸುತ್ತಾರೆ. ಬಿಳಿ ಬಣ್ಣದ ಅಡಿಯಲ್ಲಿ ಬೆಳ್ಳಿ ಇಣುಕುತ್ತಿದೆ.

ತೆರೆಯ ಮೇಲೆ ಹೆಸರು ಬರಲಿ ಅನ್ನಿಸುವುದಿಲ್ಲವೇ? "ಬಾಗಿಲು ಕಾಣಿಸಬಾರದು, ಬಂದವರು ಕಾಣಿಸಬೇಕು. ಕೈ ಬಂತಲ್ಲ, ಅದೇ ಜಾಸ್ತಿ" ಎಂದು ನಗುತ್ತಾರೆ. ಒಂದು ಆಸೆ ಮಾತ್ರ ಇದೆಯಂತೆ. ಮಗಳು ಊರಾಚೆ ಎರಡು ಕೋಣೆಯ ಮನೆ ಕಟ್ಟಿಸುತ್ತಿದ್ದಾಳೆ. ಅದರ ತಲೆಬಾಗಿಲು ಇವರೇ ಮಾಡಬೇಕು. "ಇಪ್ಪತ್ತು ದಿನಕ್ಕೆ ಯಾರೂ ಬಿಚ್ಚದೇ ಇರೋ ಬಾಗಿಲು ಒಂದಾದ್ರೂ ಇರಲಿ ಅಂತ."

ಬುತ್ತಿ ಕೊಡಲು ಬಂದ ಹೆಂಡತಿಗೆ ಇದು ಕೇಳಿಸಿದೆ. "ಮೊದಲು ಬಚ್ಚಲಿಂದು ಆಗ್ಲಿ. ಅಂದ ಹಾಗೆ, ಮಗಳ ಮನೆ ಬಾಗಿಲು ಒಳಕ್ಕೋ, ಹೊರಕ್ಕೋ?"

ಮೇಸ್ತ್ರಿ ಪೆನ್ಸಿಲನ್ನು ಜೇಬಿಗೆ ಸೇರಿಸುತ್ತಾರೆ.

"ಅವಳನ್ನ ಕೇಳಿ ಹೇಳ್ತೀನಿ."