ನೆಗೆಟಿವ್ ತಿದ್ದುತ್ತಿದ್ದ ಜೈನಬ್ಬಿ

ಹೂವಿನಹಡಗಲಿಯ ಅರ್ಧ ಊರನ್ನು ಜೈನಬ್ಬಿ ನೋಡಿದ್ದೇ ಫೋಟೋದ ನೆಗೆಟಿವಿನಲ್ಲಿ. ಕೂದಲು ಬೆಳ್ಳಗೆ, ಹಲ್ಲು ಕರ್ರಗೆ ಕಾಣುವ ಆ ಮುಖಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೂಜಿಯಂತೆ ಹೆರೆದ ಪೆನ್ಸಿಲ್ಲಿನಿಂದ ಚುಕ್ಕೆ ಚುಕ್ಕೆಯಾಗಿ ತಿದ್ದುತ್ತಿದ್ದಳು. ಅವಳ ಪೆನ್ಸಿಲ್ಲು ಮುಟ್ಟಿದರೆ ಸಿಡುಬಿನ ಕಲೆ ಮಾಯ, ಕಣ್ಣಿನ ಕೆಳಗಿನ ದಣಿವು ಮಾಯ. ಮದುವೆಮನೆಯಲ್ಲಿ ಯಾರನ್ನಾದರೂ ಎದುರಿಗೇ ಕಂಡರೆ ಮಾತ್ರ ಗುರುತಿಸಲು ತಡಕಾಡುತ್ತಿದ್ದಳು. "ನೀವು ಇಷ್ಟು ಕರ್ರಗದೀರಿ ಅಂತ ನನಗ ಗೊತ್ತ ಇರಲಿಲ್ಲ ನೋಡ್ರಿ" ಎಂದು ತಹಶೀಲ್ದಾರರ ಹೆಂಡತಿಗೇ ಹೇಳಿಬಿಟ್ಟಿದ್ದಳು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಹೋದಾಗ ಅವರ ಮನೆಯ ಪಕ್ಕದ ಭಾಗ ಬಾಡಿಗೆಗೆ ಸಿಕ್ಕಿತು. ಮುಂದಿನ ಬೀದಿಗೆ ಅವಳ ಗಂಡ ಇಮಾಮಸಾಬರ ಸ್ಟುಡಿಯೋ, ಹಿಂದೆ ಮನೆ. ಇಬ್ಬರೇ ಇದ್ದಾಗ ಅವರು ಉರ್ದುವಿನಲ್ಲಿ ಮಾತಾಡಿಕೊಳ್ಳುತ್ತಿದ್ದರು; ನಾನು ಹೋದರೆ ಕನ್ನಡಕ್ಕೆ ತಿರುಗುತ್ತಿದ್ದರು. ಜೈನಬ್ಬಿ ನನಗಿಂತ ಎರಡೇ ವರ್ಷ ದೊಡ್ಡವಳು. ಗಂಡನನ್ನು ಕಳೆದುಕೊಂಡು ಒಬ್ಬಳೇ ಇದ್ದ ನನಗೆ ಸಂಜೆ ಹೊತ್ತು ಹೋಗುತ್ತಿದ್ದುದು ಅವಳ ಕಿಟಕಿಯ ಬಳಿಯೇ.

ಒಮ್ಮೆ ಒಬ್ಬ ತಂದೆ ಮಗಳ ಫೋಟೋ ವರನ ಕಡೆಯವರಿಗೆ ಕಳಿಸಬೇಕೆಂದು, ಅವಳ ಗಲ್ಲದ ಮಚ್ಚೆ ತೆಗೆಯಲು ಹೇಳಿಹೋಗಿದ್ದ. ಜೈನಬ್ಬಿ ತೆಗೆಯಲಿಲ್ಲ. "ಮಚ್ಚಿ ತೆಗೆದು ಕಳಿಸಿದ್ರ ಅವ್ರು ಬ್ಯಾರೆ ಹುಡುಗೀನ ಒಪ್ಪಿದಂಗಾತು. ಈಕಿ ಹೋಗಿ ಅಲ್ಲಿ ಏನ್ ಮಾಡಬೇಕ್ರಿ?" ಎಂದಳು. ತಂದೆ ಕೂಗಾಡಿದ. ಇವಳು ಪರದೆಯ ಹಿಂದಿನಿಂದಲೇ "ಹುಡುಗೀನ ಕೇಳ್ಕಂಡು ಬರ್ರಿ" ಎಂದಳು. ಮಚ್ಚೆ ಉಳಿಯಿತು.

ಆ ವರ್ಷವೇ ಇಮಾಮಸಾಬರು ಒಂದು ಮಲ್ಲಿಗೆ ತೋಟದ ಫೋಟೋ ತೆಗೆದರು. ತೋಟದ ಮಾಲೀಕನ ಒಪ್ಪಿಗೆ ಪಡೆದು ಬೆಳಗಿನ ಜಾವ ಹೋಗಿದ್ದರಂತೆ. ಹೂ ಬಿಡಿಸುತ್ತಿದ್ದ ಹೆಂಗಸೊಬ್ಬಳು ಬೆನ್ನು ಹಾಕಿ ಬಾಗಿದ್ದಾಳೆ. ಇಬ್ಬನಿಗೆ ನೆನೆದ ಸೀರೆ ಸೊಂಟಕ್ಕೂ ತೊಡೆಗೂ ಅಂಟಿದೆ, ಕತ್ತಿನ ಮೇಲೆ ಸಡಿಲಾದ ತುರುಬು, ಎದುರಿನಿಂದ ಎಳೆಬಿಸಿಲು. ಮುಖ ಕಾಣುವುದಿಲ್ಲ. ಅದಕ್ಕೆ ಯಾವುದೋ ಊರಿನ ಪ್ರದರ್ಶನದಲ್ಲಿ ಬಹುಮಾನ ಬಂತು. ಇಮಾಮಸಾಬರು ಹಿಗ್ಗಿ, ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ, ಬೀದಿಗೆ ಕಾಣುವ ಗಾಜಿನಲ್ಲಿ ಇಟ್ಟರು.

ಗಾಜಿನ ಮುಂದೆ ಗಂಡಸರು ನಿಲ್ಲತೊಡಗಿದರು. ನಾನು ಅದನ್ನು ಅಸಹ್ಯವೆಂದು ಜೈನಬ್ಬಿಯ ಎದುರು ಬೈದೆ. ಅವಳು ಪೆನ್ಸಿಲ್ ಹೆರೆಯುತ್ತಲೇ, "ಮತ್ತ ಸಾಲಿಗೆ ಹೋಗಾಕ ಹಿಂದಿನ ಸಂದಿ ಹತ್ರ ಐತಿ. ನೀವು ದಿನಾ ಮುಂದಿಂದ ಯಾಕ ಹೊಂಟೀರಿ ಟೀಚರಮ್ಮ?" ಎಂದಳು. ನನ್ನ ಕಿವಿ ಬಿಸಿಯಾಯಿತು. ಅವಳು ಕೊಂಕಿಗೆ ಹೇಳಿದ್ದಲ್ಲ. "ನಾನೂ ನೋಡ್ತೀನ್ರಿ. ಚೆಂದ ಐತಿ. ಅದಕ್ಕ, ಬೈಬೇಕೋ ಬ್ಯಾಡೋ ನನಗ ತಿಳಿವಲ್ದು."

ನನ್ನ ಮನೆಗೆ ದಿನವೂ ದೇವರ ಪೂಜೆಗೆ ಹೂ ತರುತ್ತಿದ್ದವಳು ಹನುಮವ್ವ. ಒಂದು ವಾರ ಅವಳು ಬರಲಿಲ್ಲ. ವಿಚಾರಿಸಿದಾಗ ಗೊತ್ತಾಯಿತು: ಫೋಟೋದಲ್ಲಿದ್ದವಳು ಅವಳೇ. ಮೊಣಕೈಯ ಮೇಲಿನ ಹಚ್ಚೆಯಿಂದ ಯಾರೋ ಗುರುತು ಹಿಡಿದಿದ್ದರು. ಹೂವಿನ ಸಂತೆಯಲ್ಲಿ ಗಂಡಸರು "ಇತ್ಲಾಗ ತಿರುಗು, ಈಗ ಬಗ್ಗು" ಎಂದು ನಗುತ್ತಿದ್ದರಂತೆ. ಅವಳು ಸಂತೆಗೆ ಹೋಗುವುದನ್ನೇ ಬಿಟ್ಟಿದ್ದಳು.

ನಾನು ಜೈನಬ್ಬಿಗೆ ಹೇಳಿದಾಗ ಇಮಾಮಸಾಬರೂ ಅಲ್ಲಿದ್ದರು. ಕೆಟ್ಟ ಮನುಷ್ಯರಲ್ಲ ಅವರು. ಮುಖ ಸಣ್ಣದಾಯಿತು; ಆದರೂ ತಾವು ಮಾಡಿದ್ದನ್ನು ಬಿಟ್ಟುಕೊಡಲಿಲ್ಲ. "ಹಿರೇಹಡಗಲಿ ಗುಡಿ ಕಲ್ಲಾಗ ಎಂಥೆಂಥಾ ಹೆಣ್ಣುಮಕ್ಕಳನ್ನ ಕೆತ್ಯಾರ. ಅದಕ್ಕ ಕಲಾ ಅಂತಾರ. ನಾ ಮಾಡಿದ್ದು ಅಷ್ಟ."

"ಆ ಕಲ್ಲು ಮರುದಿನ ಸಂತಿಗೆ ಹೋಗಬೇಕಾಗಿರಲಿಲ್ರಿ" ಎಂದಳು ಜೈನಬ್ಬಿ.

ಬುರ್ಖಾ ಹಾಕಿಕೊಂಡು, ಸ್ಟುಡಿಯೋಕ್ಕೆ ಹೋಗಿ, ಗಾಜಿನ ಹಿಂದಿನಿಂದ ಆ ಫೋಟೋ ತೆಗೆದು ಹಳೆಯ ಸೀರೆಯಲ್ಲಿ ಸುತ್ತಿದಳು. ಇಮಾಮಸಾಬರು ತಡೆಯಲಿಲ್ಲ. ನಾವಿಬ್ಬರೂ ಹನುಮವ್ವನ ಮನೆಗೆ ನಡೆದೆವು.

ಹನುಮವ್ವ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಒಡೆದುಹಾಕುತ್ತಾಳೆ ಎಂದುಕೊಂಡಿದ್ದೆ. ಅವಳು ಬೆರಳಿನಿಂದ ತನ್ನದೇ ಬೆನ್ನನ್ನು ಸವರಿದಳು. "ಚೆಂದ ಅದೀನಿ" ಎಂದಳು. ಆಮೇಲೆ ತಲೆ ಎತ್ತಿ, "ಆದ್ರ ಬೂಬಮ್ಮ, ಊರಾಗ ಎಲ್ರೂ ನೋಡಿ ಮುಗಿಸಿದ ಮ್ಯಾಲೆ ಕಡೀಗೆ ನನಗ ತೋರ್ಸಾಕ ಬಂದೀರಲ್ಲ" ಎಂದಳು.

ಜೈನಬ್ಬಿ ಅವಳ ಪಕ್ಕಕ್ಕೆ ಕುಳಿತಳು. "ತಪ್ಪಾತವ್ವ" ಎಂದು ಅವಳ ಕೈ ಹಿಡಿದುಕೊಂಡಳು.

"ಇದು ನನಗ ಬ್ಯಾಡ. ನನ್ನ ಮಕ ಕಾಣಂಗ ಒಂದು ತೆಗೀರಿ" ಎಂದಳು ಹನುಮವ್ವ. "ಅವ್ರಲ್ಲ. ನೀವು ತೆಗೀರಿ."

ಜೈನಬ್ಬಿ ಅಲ್ಲಿಯವರೆಗೆ ಕ್ಯಾಮೆರಾ ಮುಟ್ಟಿದವಳಲ್ಲ. ಸ್ಟುಡಿಯೋಕ್ಕೆ ರಜೆಯಿದ್ದ ಒಂದು ಮಧ್ಯಾಹ್ನ ಇಮಾಮಸಾಬರು ಲೈಟು ಹೊಂದಿಸಿ, ಯಾವುದನ್ನು ಒತ್ತಬೇಕೆಂದು ಮೂರು ಸಲ ಹೇಳಿಕೊಟ್ಟು, ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. ಹನುಮವ್ವ ಕುರ್ಚಿ ಬೇಡವೆಂದಳು. ನೆಲದ ಮೇಲೆ ಒಂದು ಮೊಣಕಾಲು ಎತ್ತಿ ಕುಳಿತು, ತುರುಬು ಬಿಚ್ಚಿ ಕೂದಲನ್ನು ಒಂದೇ ಭುಜದ ಮೇಲೆ ಇಳಿಬಿಟ್ಟಳು. ಜಾರಿದ ಸೆರಗನ್ನು ಎತ್ತಿಕೊಳ್ಳಲಿಲ್ಲ. ನಾನು ಸರಿಮಾಡಲು ಹೋದೆ. ಜೈನಬ್ಬಿ ಕಣ್ಣಿನಲ್ಲೇ ಬೇಡವೆಂದಳು. ಹನುಮವ್ವ ನೇರ ಕ್ಯಾಮೆರಾವನ್ನು ನೋಡುತ್ತಾ, "ತಡೀರಿ... ತಡೀರಿ... ಹ್ಞೂಂ, ಈಗ" ಎಂದಳು.

ಫೋಟೋ ತೊಳೆಯುವ ಕತ್ತಲೆ ಕೋಣೆಯಿಂದ ಒದ್ದೆ ಪ್ರತಿ ಹಿಡಿದು ಬಂದ ಇಮಾಮಸಾಬರು ಅದನ್ನು ಬಹಳ ಹೊತ್ತು ಕೆಳಗಿಡಲಿಲ್ಲ. "ನಾ ತೆಗೆದಿದ್ರ ಆಕಿ ಹಿಂಗ ನೋಡ್ತಿದ್ದಿಲ್ಲ" ಎಂದರು. ನಾನೂ ನೋಡಿದೆ. ನಿಜ ಹೇಳಬೇಕೆಂದರೆ, ಗಾಜಿನಲ್ಲಿದ್ದ ಫೋಟೋಕ್ಕಿಂತ ಇದು ಮೈ ಬಿಸಿ ಮಾಡುವಂತಿತ್ತು. ಆದರೆ ಇದನ್ನು ನೋಡುವಾಗ ಕದ್ದು ನೋಡುತ್ತಿದ್ದೇನೆ ಅನ್ನಿಸಲಿಲ್ಲ; ಅವಳೇ ನನ್ನನ್ನು ನೋಡುತ್ತಿದ್ದಳು. ಜೈನಬ್ಬಿ ಆ ನೆಗೆಟಿವಿಗೆ ಪೆನ್ಸಿಲ್ ತಾಗಿಸಲಿಲ್ಲ. ಒಂದೇ ಪ್ರತಿ ಹಾಕಿಸಿ, ನೆಗೆಟಿವಿನ ಸಮೇತ ಹನುಮವ್ವನಿಗೆ ಕೊಟ್ಟಳು.

ನಾವು ವಾಪಸು ತಂದ ಮೊದಲ ಫೋಟೋವನ್ನು ಇಮಾಮಸಾಬರು ಮತ್ತೆ ಗಾಜಿನಲ್ಲಿ ಇಡಲಿಲ್ಲ, ಹರಿಯಲೂ ಇಲ್ಲ. ಅದರ ಸಲುವಾಗಿ ಹದಿನೈದು ದಿನ ಗಂಡ ಹೆಂಡತಿ ಉರ್ದುವಿನಲ್ಲೂ ಮಾತಾಡಲಿಲ್ಲ. ಹನುಮವ್ವ ಮತ್ತೆ ಸಂತೆಗೆ ಹೋಗಲು ಎರಡು ತಿಂಗಳು ಹಿಡಿಯಿತು. ನಗುವವರು ಅಷ್ಟು ಬೇಗ ಮರೆಯುವುದಿಲ್ಲ.

ನನಗೆ ಕೊಟ್ಟೂರಿಗೆ ವರ್ಗವಾಯಿತು. ಕಲರ್ ಫಿಲಂ ಬಂದ ಮೇಲೆ ನೆಗೆಟಿವ್ ತಿದ್ದುವ ಕೆಲಸ ನಿಂತುಹೋಗಿ, ಅವರು ಹರಪನಹಳ್ಳಿಗೆ ಸ್ಟುಡಿಯೋ ಬದಲಾಯಿಸಿದರು. ಅಲ್ಲಿ ಹೆಂಗಸರ ಫೋಟೋಗಳನ್ನೆಲ್ಲ ಜೈನಬ್ಬಿಯೇ ತೆಗೆಯುತ್ತಿದ್ದಳು. ಕೊನೆಯ ಸಲ ಹೋದಾಗ ನಾನು ಕೇಳಿದೆ, "ಅಂದಿನ ಆ ಮೊದಲ ಫೋಟೋ ಕಲೆಯೋ ಅಲ್ಲವೋ, ಈಗಲಾದರೂ ಹೇಳು."

"ಕಲಾ ಇರಬೇಕ್ರಿ. ಬಹುಮಾನ ಕೊಟ್ಟೋರು ಹುಚ್ಚರಲ್ಲ" ಎಂದಳು. "ಆದ್ರ ಆಕೀನ ಕೇಳಬೇಕಿತ್ತು. ಕೇಳಿದ್ರ ಆ ಫೋಟೋ ಬರ್ತಿದ್ದಿಲ್ಲ ಅಂತಾರ ಇವ್ರು. ಬರದಿದ್ರ ಬಿಡ್ತಿತ್ತು."

ಚಹಾ ಕುಡಿದು ಎದ್ದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಒಂದ್ ಸಲಾನೂ ಕುಂತಿಲ್ಲ ನೋಡ್ರಿ ನನ್ನ ಮುಂದ. ಬರ್ರಿ. ನಿಮಗ ಹೆಂಗ ಬೇಕೋ ಹಂಗ ಕುಂದರ್ರಿ. ಯಾರಿಗೂ ತೋರ್ಸೂದು ಬ್ಯಾಡ."

ನಾನು ಸೆರಗು ಹೊದ್ದುಕೊಂಡು ನಕ್ಕೆ. ಬಸ್ಸಿಗೆ ಹೊತ್ತಾಯಿತು, ರಜೆಯಲ್ಲಿ ಬರುತ್ತೇನೆ ಎಂದೆ.

ರಜೆಗೆ ಮೊದಲೇ ಜೈನಬ್ಬಿ ಜ್ವರ ಬಂದು ಎಂಟು ದಿನದಲ್ಲಿ ತೀರಿಕೊಂಡಳು. ಸುದ್ದಿ ತಿಳಿದು ಹೋದಾಗ ಸ್ಟುಡಿಯೋದ ಬಾಗಿಲು ತೆರೆದಿತ್ತು. ಇಮಾಮಸಾಬರು ನನಗೆ ಕುರ್ಚಿ ಕೊಟ್ಟು, ತಾವು ನಿಂತೇ ಇದ್ದರು. "ಟೀಚರಮ್ಮ ಫೋಟೋಕ್ಕ ಬರ್ತಾರ ಅಂತ ಹೇಳಿದ್ಲು. ಬರ್ರಿ, ನಾ ತೆಗಿತೀನಿ" ಎಂದರು.

ಬೇಡ ಎಂದೆ. ಅವರು ಒತ್ತಾಯ ಮಾಡಲಿಲ್ಲ. "ಗೊತ್ತಾತ್ರಿ" ಎಂದು, ಕ್ಯಾಮೆರಾದ ಮೇಲೆ ಕರಿ ಬಟ್ಟೆ ಎಳೆದರು.