ನಾಯಕರ ಮನೆಯ ಫೋಟೋದಲ್ಲಿ ಭಾಗವ್ವ

ಕಾಪುವಿನಲ್ಲಿ ಭಾಗವ್ವನ ಬಾಯಿಗೆ ಸಿಗದವರು ಕಡಿಮೆ. ಕುಷ್ಟಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವಳು. ತಲೆಯ ಮೇಲೆ ಸಿಮೆಂಟಿನ ಬಾಂಡ್ಲಿ ಹೊತ್ತುಕೊಂಡೇ ಮೇಸ್ತ್ರಿಯೊಡನೆ ಜಗಳವಾಡುತ್ತಿದ್ದಳು. ಬಾಂಡ್ಲಿ ಮಾತ್ರ ಅಲುಗುತ್ತಿರಲಿಲ್ಲ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಇಲ್ಲಿಯ ಮಟ್ಟುಗುಳ್ಳ ಬದನೆಯ ರುಚಿ ಹತ್ತಿದ ಮೇಲೆ ಊರಿಗೆ ಮರಳುವ ಮಾತನ್ನೇ ಬಿಟ್ಟಳು. ಇಂಥವಳ ಮುಖ ಊರೂರಿನ ಗೋಡೆ ಹತ್ತಿದ್ದು ನನ್ನಿಂದ. ನಾನು ಸಿಲ್ವೆಸ್ಟರ್, ಪೇಟೆಯ ಫೋಟೋ ಸ್ಟುಡಿಯೋದವನು.

೧೯೯೯ರ ಮೇ ತಿಂಗಳು. ನಮ್ಮ ರಾಜಕೀಯ ನಾಯಕ ಭೋಜಣ್ಣನ ಒಬ್ಬನೇ ಮಗ ಶೇಖರ ಸೈನ್ಯದಿಂದ ರಜೆಯಲ್ಲಿ ಬಂದಿದ್ದ. ಕಾರ್ಗಿಲ್ ಎಂಬ ಹೆಸರು ಆಗಷ್ಟೇ ರೇಡಿಯೋದಲ್ಲಿ ಕೇಳತೊಡಗಿತ್ತು. ಕೂಡಲೇ ಮರಳಬೇಕೆಂದು ತಂತಿ ಬಂತು. ಹೊರಡುವ ದಿನ ಬೆಳಿಗ್ಗೆ ಫೋಟೋ ತೆಗೆಯಲು ನನ್ನನ್ನು ಕರೆಸಿದರು. ಅಪ್ಪ, ಅಮ್ಮ, ನಡುವೆ ಸಮವಸ್ತ್ರ ತೊಟ್ಟ ಮಗ. ನಾನು ಕ್ಯಾಮೆರಾ ಎತ್ತಿದೆನೋ ಇಲ್ಲವೋ, ತಾಯಿ ಗುಣವತಿಯಕ್ಕ ಸಾಲಿನಿಂದ ಹೊರಗೆ ಹಾರಿದರು.

"ಮೂರು ಜನ ಒಟ್ಟಿಗೆ ನಿಲ್ಲುವುದಾ? ಬೇಡ ಪೊರ್ಬುಗಳೇ, ನಡುವೆ ನಿಂತವರಿಗೆ ಒಳ್ಳೆಯದಲ್ಲ." ಕ್ರೈಸ್ತನಾದ ನನ್ನನ್ನು ಅವರು ಪೊರ್ಬು ಎಂದೇ ಕರೆಯುತ್ತಿದ್ದರು.

ಭೋಜಣ್ಣ ಭಾಷಣದಲ್ಲಿ ಮೂಢನಂಬಿಕೆಯನ್ನು ಅಟ್ಟಾಡಿಸುವವರು. ಈಗ ಅವರೂ ಮೆಲ್ಲಗೆ ಪಕ್ಕಕ್ಕೆ ಸರಿದರು. ನಾನೇನು ಕಡಿಮೆಯೇ? ಪ್ರತಿ ಭಾನುವಾರ ಇಗರ್ಜಿಗೆ ಹೋಗುವವನಾದರೂ ಬರೀ ಮೂವರ ಫೋಟೋ ಎಂದೂ ತೆಗೆದವನಲ್ಲ. ನಾಲ್ಕನೆಯವರು ಬೇಕಾಯಿತು. ಕಾಂಪೌಂಡ್ ಗೋಡೆ ಕಟ್ಟುತ್ತಿದ್ದ ಭಾಗವ್ವನನ್ನು ಗುಣವತಿಯಕ್ಕ ಕೈಹಿಡಿದು ಎಳೆದು ತಂದು ತಮ್ಮ ಪಕ್ಕ ನಿಲ್ಲಿಸಿಕೊಂಡರು.

"ಮಾರಿ ತುಂಬ ಸಿಮೆಂಟ್ ಐತ್ರೀ ಅಕ್ಕಾರ!"

"ಇರಲಿ, ನಿಲ್ಲು ಮಾರಾಯ್ತಿ."

ಹುಡುಗ ಹೋದ. ಯುದ್ಧ ಶುರುವಾಯಿತು. ಜೂನ್ ಮುಗಿಯುತ್ತ ಬಂದರೂ ಅವನ ಸುದ್ದಿಯಿಲ್ಲ. ಗುಣವತಿಯಕ್ಕನಿಗೆ ಅನ್ನ ಸೇರದಾಯಿತು. ಭಾಗವ್ವ ದಿನವೂ ಕೆಲಸ ಬಿಟ್ಟ ಮೇಲೆ ಬಂದು, ಬೈದು ಉಣ್ಣಿಸಿ, ಜೊತೆಗೆ ಕುಳಿತು ಟಿವಿಯ ವಾರ್ತೆ ನೋಡುತ್ತಿದ್ದಳು.

ಅಷ್ಟರಲ್ಲಿ ಭೋಜಣ್ಣ ಯೋಧರ ಗೌರವಕ್ಕೆಂದು ಸಭೆಯೊಂದನ್ನು ಗೊತ್ತುಮಾಡಿದರು. ಹೆಂಡತಿಯೊಡನೆ ಸ್ಟುಡಿಯೋಕ್ಕೆ ಬಂದರು, ಹಿಂದೆಯೇ ಭಾಗವ್ವ.

"ಪೋಸ್ಟರಿಗೆ ಆ ಫೋಟೋವನ್ನೇ ಹಾಕುವ, ಸಿಲ್ವೆಸ್ಟರ್. ಕೊನೆಯಲ್ಲಿರುವ ಇವಳನ್ನು ಮಾತ್ರ ಕತ್ತರಿಸಿಬಿಡು. ಯಾರೆಂದು ಜನ ಕೇಳಿದರೆ ಎಂತ ಹೇಳುವುದು?"

ಗುಣವತಿಯಕ್ಕ ನನ್ನ ಕೈಯ ಕತ್ತರಿಯನ್ನೇ ಹಿಡಿದುಕೊಂಡರು. "ಕತ್ತರಿಸಿದರೆ ಮೂವರೇ ಉಳಿಯುವುದು! ಮಗ ಅಲ್ಲಿ ಗುಂಡಿನ ಎದುರು ಇದ್ದಾನೆ. ನಿಮಗೆ ಪೋಸ್ಟರಿನದ್ದೇ ಚಿಂತೆಯಾ?"

"ಅದು ಬರೀ ಕಾಗದ ಅಲ್ವಾ?"

ಭಾಗವ್ವ ಮುಂದೆ ಬಂದಳು. "ನನ್ನ ಕತ್ತರಿಸ್ರೀ ಸಾವ್ಕಾರ್ರ, ನಂದೇನ್ ಹೋಗ್ತೈತಿ? ಆದ್ರ ಆ ತುದೀಗಿರೋ ನಿಮ್ಮನ್ನೂ ಕತ್ತರಿಸ್ಕೊಳ್ರಿ. ತಾಯಿ, ಮಗ ಇಬ್ಬರ ಉಳೀತಾರ. ಕೇಡಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ತಮ್ಮ ಮುಖವಿಲ್ಲದ ಪೋಸ್ಟರನ್ನು ಭೋಜಣ್ಣ ಕನಸಿನಲ್ಲೂ ಕಂಡವರಲ್ಲ. ಮರುವಾರ ಕಾಪುವಿನಿಂದ ಬಜಗೋಳಿಯವರೆಗೆ ಗೋಡೆಗೋಡೆಯಲ್ಲೂ ನಾಲ್ವರೂ ನಿಂತಿದ್ದರು, ಭಾಗವ್ವನ ಕೆನ್ನೆಯ ಸಿಮೆಂಟಿನ ಸಮೇತ. ಯಾರೆಂದು ಕೇಳಿದವರಿಗೆ ಭೋಜಣ್ಣ, "ನಮ್ಮ ಮನೆಯವಳೇ" ಎಂದು ಗೊಣಗುತ್ತಿದ್ದರು.

ಜುಲೈಯ ಒಂದು ಸಂಜೆ ನಾನು ಅವರ ಮನೆಯಲ್ಲಿದ್ದಾಗಲೇ ಫೋನ್ ಬಂತು. ಗುಣವತಿಯಕ್ಕ ಎತ್ತಿದರು, ಮಗನ ದನಿ ಗುರುತಿಸಿದರು. ಅಳುತ್ತ ರಿಸೀವರನ್ನು ಪಕ್ಕದಲ್ಲಿದ್ದ ಭಾಗವ್ವನ ಕೈಗೆ ತುರುಕಿದರು.

"ಯಪ್ಪಾ, ಆರಾಮ್ ಅದಿಯೇನೋ?" ಎಂದು ಅವಳು ಕಾರ್ಗಿಲ್‌ಗೇ ಕೇಳುವಂತೆ ಕೂಗಿದಳು. ಆ ಕಡೆಯಿಂದ ಶೇಖರ ಕೇಳಿದನಂತೆ, "ಯಾರು ಮಾತಾಡುವುದು?"

ಊರಿನ ಬಾಯಿ ಮುಚ್ಚಿಸುತ್ತಿದ್ದ ಭಾಗವ್ವ ರಿಸೀವರನ್ನು ಗುಣವತಿಯಕ್ಕನ ಕಡೆಗೆ ಚಾಚಿದಳು. ಗುಣವತಿಯಕ್ಕ ಅಳುತ್ತಲೇ ಬಾಗಿ, ರಿಸೀವರಿನೊಳಗೆ ಹೇಳಿದರು: "ನಿನ್ನ ದೊಡ್ಡಮ್ಮ, ಮಗಾ."